ಹೊಟ್ಟೆಬಾಕ ನಕ್ಷತ್ರ

ಜೂನ್ 4

ಅತ್ತೆ,

ನಮಸ್ಕಾರ, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ವಿಷಯ ಹೇಳಿಬಿಡ್ತೀನಿ, ಇಲ್ಲದಿದ್ರೆ ತಲೆ ಸಿಡಿದುಹೋಗುತ್ತೆ.

ನಿನ್ನೆ ನಿಮ್ಮ ಮಗಳು ಹೇಳಿದಳು, ಇಷ್ಟು ವರ್ಷ ಪರದೆಯ ಮರೆಯಲ್ಲಿ ಕೂತು ಬೇರೆಯವರಿಗೆ ಮರೆತ ಮಾತು ಎತ್ತಿಕೊಟ್ಟ ನಿಮಗೆ ಈ ಸಲ ನಾಟಕದಲ್ಲೇ ಪಾತ್ರ ಸಿಕ್ಕಿದೆಯಂತೆ. ಕೇಳಿ ಇಬ್ಬರೂ ಅಡುಗೆಮನೆಯಲ್ಲಿ ನಿಂತಲ್ಲೇ ಕುಣಿದೆವು, ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಆದರೆ ಅವಳು ಇನ್ನೊಂದು ಮಾತೂ ಹೇಳಿದಳು. ಒಬ್ಬೊಬ್ಬ ನಟರ ಮಾತನ್ನೂ ಬೇರೆ ಬೇರೆ ಹಾಳೆಗೆ ನಕಲು ಮಾಡೋ ಕೆಲಸ ಈ ಸಲವೂ ನಿಮ್ಮ ತಲೆಗೇ ಕಟ್ಟಿದ್ದಾರೆ, ಬೆರಳಿನ ಗಂಟುಗಳು ಊದಿವೆ, ಸ್ವಂತ ಮಾತು ಬಾಯಿಪಾಠ ಮಾಡೋಕೆ ಪುರುಸೊತ್ತೇ ಇರಲ್ಲ ಅಂತ.

ಅತ್ತೆ, ಆ ಕೆಲಸ ನನಗೆ ಕೊಡಿ. ದಯವಿಟ್ಟು ಕೊಡಿ. ನಿಮಗೆ ಉಪಕಾರ ಮಾಡೋಕೆ ಅಂತಲ್ಲ, ನನಗೆ ಆಸೆ ತಡೆಯೋಕಾಗ್ತಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಬಸ್ಸುಗಳ ವೇಳಾಪಟ್ಟಿ ಅಚ್ಚಾಗೋದು, ಅದರ ತಪ್ಪು ತಿದ್ದೋದು ನನ್ನ ಕೆಲಸ ಅನ್ನೋದು ನಿಮಗೆ ಗೊತ್ತಲ್ಲ. ಇಲ್ಲೀವರೆಗೆ ಕಣ್ಣು ಕಿತ್ತು ಬರೋ ಹಾಗೆ ಒಂದೊಂದೇ ಸಾಲು ನೋಡ್ತಿದ್ದೆ. ಈಗ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತ ಒಂದು ವಿದ್ಯೆ ಕಲಿತಿದ್ದೀನಿ. ಹೆಸರು ಕೇಳಿ ಹೆದರಬೇಡಿ. ಸಾಧಾರಣವಾಗಿ ಕಂಪ್ಯೂಟರಿನಲ್ಲಿ ಏನಾದ್ರೂ ಹುಡುಕಬೇಕಾದ್ರೆ ಇಂಥದೇ ಪದ ಅಂತ ಹೇಳಬೇಕು. ಇದರಲ್ಲಿ ಪದ ಗೊತ್ತಿಲ್ಲದಿದ್ರೂ ಅದರ ಚಹರೆ ಹೇಳಿದ್ರೆ ಸಾಕು. ‘ಎರಡು ಅಂಕಿ, ಒಂದು ಅಡ್ಡಗೆರೆ, ಮತ್ತೆ ಎರಡು ಅಂಕಿ’ ಅಂದ್ರೆ, ಆ ಚಹರೆಯವೆಲ್ಲ ಪುಸ್ತಕದ ಮೂಲೆ ಮೂಲೆಯಿಂದ ಹಾಜರಿ ಹೇಳೋ ಮಕ್ಕಳ ಹಾಗೆ ಎದ್ದು ನಿಲ್ತಾವೆ.

ಇದರಲ್ಲಿ ಒಂದು ಚುಕ್ಕಿ ಇದೆ. ಚುಕ್ಕಿ ಅಂದ್ರೆ ‘ಇಲ್ಲಿ ಯಾವ ಅಕ್ಷರ ಇದ್ರೂ ಸರಿ’. ಒಂದು ನಕ್ಷತ್ರ ಇದೆ. ಅದು ‘ಅಂಥವು ಎಷ್ಟಿದ್ರೂ ಸರಿ’ ಅನ್ನುತ್ತೆ. ಎರಡನ್ನೂ ಜೋಡಿಸಿದ್ರೆ, ಏನು ಬೇಕಾದ್ರೂ ಎಷ್ಟು ಬೇಕಾದ್ರೂ. ನನಗೆ ಮೊದಲ ದಿನ ಇದು ಅರ್ಥವಾದಾಗ ಕುರ್ಚಿಯಿಂದ ಎದ್ದು ಒಂದು ಸುತ್ತು ನಡೆದು ಬಂದೆ. ಪಕ್ಕದ ಮೇಜಿನವರು ಮನೆಯಲ್ಲಿ ಏನಾದ್ರೂ ವಿಶೇಷವಾ ಅಂತ ಕೇಳಿದ್ರು.

ನಾಟಕದ ಪ್ರತಿ ಕಳಿಸಿ. ಒಂದು ಸಂಜೆಯಲ್ಲಿ ಮುಗಿಸಿಕೊಡ್ತೀನಿ.

ಚುಕ್ಕಿಯ ಗುಂಗಿನಲ್ಲಿರುವ
ನಿಮ್ಮ ಅಳಿಯ


ಜೂನ್ 13

ಅಳಿಯಂದಿರೇ,

ಹಾಲಿನ ಪಾತ್ರೆ ತಿಕ್ಕಿದ್ದು ಯಾರು ಅಂತ ಬರೆದಿಲ್ಲ. ನನ್ನ ಮಗಳಾಗಿದ್ರೆ ನಿಮ್ಮ ವಿದ್ಯೆಯಲ್ಲಿ ಪಾತ್ರೆ ತಿಕ್ಕೋದಕ್ಕೂ ಏನಾದ್ರೂ ಚಿಹ್ನೆ ಇದೆಯಾ ನೋಡಿ.

ಮದುವೆಯಾಗಿ ಇಷ್ಟು ವರ್ಷಕ್ಕೆ ನೀವು ನನಗೆ ನೇರವಾಗಿ ಬರೆದ ಮೊದಲ ಕಾಗದ ಇದು. ಸಂತೋಷವಾಯ್ತು. ನೀವು ಫೋನ್ ಮಾಡಿದಾಗೆಲ್ಲ ನಾನು ಎರಡು ಮಾತಾಡಿ ಮಗಳಿಗೆ ಕೊಡಿ ಅಂತೀನಲ್ಲ, ಅದು ಬಿಗುಮಾನ ಅಂದುಕೊಂಡಿದ್ರೆ ಅಲ್ಲ. ಪಿಸುಗುಟ್ಟಿ ಪಿಸುಗುಟ್ಟಿ ನನ್ನ ದನಿಯೇ ಹಾಗಾಗಿಬಿಟ್ಟಿದೆ. ಫೋನಿನಲ್ಲಿ ಎಲ್ಲರೂ ‘ಹಲೋ, ಕೇಳ್ತಿಲ್ಲ’ ಅಂತಾರೆ. ನಮ್ಮ ಅಂಗಡಿಯಲ್ಲಿ ಗುಂಡಿ, ಜಿಪ್ಪು ಕೊಳ್ಳೋಕೆ ಬಂದವರೂ ಬೆಲೆ ಕೇಳಿ ‘ಏನಂದ್ರಿ?’ ಅಂತಾರೆ. ಅದಕ್ಕೇ ಕಾಗದ ವಾಸಿ. ಇದರಲ್ಲಿ ಎಲ್ಲರ ದನಿಯೂ ಒಂದೇ ಎತ್ತರ.

ಪಾತ್ರದ ವಿಷಯ. ನಾಟಕ ಬರೆದವರೂ ಮಾಡಿಸುವವರೂ ನಮ್ಮ ಮೇಷ್ಟ್ರೇ. ರೈಲು ನಿಲ್ದಾಣದ ಕಾಯುವ ಕೋಣೆಯಲ್ಲಿ ನಡೆಯೋ ಕಥೆ. ಕೊನೆಯ ಅಂಕದಲ್ಲಿ ಒಬ್ಬ ಮುದುಕಿ ಬರ್ತಾಳೆ. ‘ಆ ಪಾತ್ರ ನಿಮ್ಮದು. ನಿಮಗೆ ಅಂತಲೇ ಒಂದು ಮಾತು ಇಟ್ಟಿದ್ದೀನಿ’ ಅಂದ್ರು. ಆಸೆ ಇರಲಿಲ್ಲ ಅಂತ ಸುಳ್ಳು ಹೇಳಲ್ಲ. ಚಿಕ್ಕ ವಯಸ್ಸಿನಿಂದ ಇತ್ತು. ಬಾಯಿ ಬಿಟ್ಟು ಯಾರಲ್ಲೂ ಕೇಳಲಿಲ್ಲ ಅಷ್ಟೆ.

ಆದರೆ ಮೊನ್ನೆ ಅವರು ಸಭಾಂಗಣದ ಕೊನೆಯ ಸಾಲಿಗೆ ಹೋಗಿ ನಿಂತು, ‘ಏನಾದ್ರೂ ಹೇಳಿ ನೋಡೋಣ’ ಅಂದ್ರು. ರಂಗದ ಮೇಲಿಂದ ನಾನು ಏನೋ ಹೇಳಿದೆ. ಅವರು ಕಿವಿಗೆ ಕೈ ಹಿಡಿದು ನಿಂತೇ ಇದ್ರು. ಇನ್ನೊಂದು ಸಲ ಹೇಳಿದೆ. ಆಮೇಲೆ ಅವರು ‘ಆಯ್ತು, ಆಯ್ತು’ ಅಂತ ಲೈಟಿನವನ ಜೊತೆ ಮಾತಿಗೆ ಹೋದ್ರು.

ಇರಲಿ. ಲಕೋಟೆಯಲ್ಲಿ ಮೇಷ್ಟ್ರು ಕೊಟ್ಟ ಪೆನ್‌ಡ್ರೈವ್ ಇಟ್ಟಿದ್ದೀನಿ, ಪೂರ್ತಿ ನಾಟಕ ಅದರಲ್ಲಿದೆ. ಮೇಷ್ಟ್ರ ಕ್ರಮ ನಿಮಗೆ ಗೊತ್ತಿರಲಿ. ನಟರಿಗೆ ಪೂರ್ತಿ ನಾಟಕ ಕೊಡಲ್ಲ. ಅವರವರ ಮಾತು, ಅದಕ್ಕೆ ಮೊದಲು ಹಿಂದಿನವರ ಮಾತಿನ ಕೊನೆಯ ತುಣುಕು, ಅಷ್ಟೇ ಹಾಳೆಯಲ್ಲಿರಬೇಕು. ಬ್ರಾಕೆಟ್ಟಿನಲ್ಲಿರುವ ‘ಕೂತು’, ‘ನಗುತ್ತಾ’, ‘ಕಿಟಕಿಯತ್ತ ನಡೆದು’ ಇವೆಲ್ಲ ಇರಕೂಡದು. ಹೇಗೆ ಕೂರಬೇಕು ಅಂತ ಓದಿ ಕಲಿತವನು ಓದಿದ ಹಾಗೇ ಕೂರ್ತಾನೆ, ನಾನು ತೋರಿಸಿಕೊಡ್ತೀನಿ ಅಂತಾರೆ. ನಕಲು ಮಾಡೋರನ್ನು ಬಿಟ್ರೆ ಪೂರ್ತಿ ಪ್ರತಿ ಹೊರಗೆ ಬರೋದು ಕೊನೆಯ ವಾರ, ಅದೂ ಮಾತು ಎತ್ತಿಕೊಡುವವರ ಕೈಗೆ. ಈ ಸಲ ಆ ಜಾಗಕ್ಕೆ ಲೈಟಿನವನ ಹೆಂಡತಿ ಬಂದಿದ್ದಾಳೆ.

ನನ್ನ ಹತ್ತಿರ ಕಂಪ್ಯೂಟರ್ ಇಲ್ಲ, ನನ್ನ ಮಾತು ಏನಿದೆ ಅಂತ ನಾನೂ ನೋಡಿಲ್ಲ. ನಿಮ್ಮ ಹಾಳೆಯಲ್ಲೇ ನೋಡ್ತೀನಿ.

ಪರದೆಯ ಮರೆಯಿಂದ
ಅತ್ತೆ


ಜೂನ್ 21

ಅತ್ತೆ,

ಪಾತ್ರೆ ತಿಕ್ಕಿದ್ದು ನಾನೇ. ಸಾಕ್ಷಿ ಬೇಕಾದ್ರೆ ನಿಮ್ಮ ಮಗಳಿಂದ ರುಜು ಹಾಕಿಸಿ ಕಳಿಸ್ತೀನಿ.

ಹಾಳೆಗಳೆಲ್ಲ ಈ ಕಟ್ಟಿನಲ್ಲಿವೆ. ಹೇಗೆ ಮಾಡಿದೆ ಅಂತ ಹೇಳ್ಲೇಬೇಕು, ಬೇಜಾರಾದ್ರೂ ಓದಿ. ಮೊದಲು, ‘ಸಾಲಿನ ಶುರುವಿನಲ್ಲಿ ಪಾತ್ರದ ಹೆಸರು, ಅದರ ಮುಂದೆ ಒಂದರ ಮೇಲೊಂದು ಎರಡು ಚುಕ್ಕಿ’ ಅನ್ನೋ ಚಹರೆ ಕೊಟ್ಟೆ. ಪೋಸ್ಟಿನವನ ಮಾತೆಲ್ಲ ಒಂದು ಕಡೆ, ಸ್ಟೇಷನ್ ಮಾಸ್ಟರ್ ಮಾತೆಲ್ಲ ಇನ್ನೊಂದು ಕಡೆ, ಕಣ್ಣು ಮಿಟುಕಿಸೋದರಲ್ಲಿ ಬೇರೆಯಾದ್ವು. ಆಮೇಲೆ ಬ್ರಾಕೆಟ್ಟುಗಳ ಸರದಿ. ಅದಕ್ಕೆ ನಾನು ಬರೆದಿದ್ದು ಇಷ್ಟೇ:

\(.*\)

ನೋಡಿ ಅದರ ಅಂದ. ತೆರೆಯೋ ಬ್ರಾಕೆಟ್, ಒಳಗೆ ಏನು ಬೇಕಾದ್ರೂ ಎಷ್ಟು ಬೇಕಾದ್ರೂ, ಮುಚ್ಚೋ ಬ್ರಾಕೆಟ್. ಓರೆಗೆರೆಗಳು ‘ಇದು ನಿಜವಾದ ಬ್ರಾಕೆಟ್ಟೇ ಕಣಪ್ಪಾ’ ಅಂತ ಕಂಪ್ಯೂಟರಿಗೆ ಹೇಳೋಕೆ. ಇಂಥದೆಲ್ಲ ಅಳಿಸಿಹಾಕು ಅಂದೆ, ಅಳಿಸಿತು. ನಾಲ್ಕಾರು ಸಾಲು ಪರೀಕ್ಷೆ ಮಾಡಿದೆ, ಎಲ್ಲ ಸರಿಯಾಗಿತ್ತು. ಇಡೀ ನಾಟಕ ಆ ಕಡೆಯಿಂದ ಹೋಗಿ ಈ ಕಡೆಯಿಂದ ಚೊಕ್ಕವಾಗಿ ಬಂತು.

ದೊಡ್ಡ ಮಜಾ ಏನು ಗೊತ್ತಾ? ಆ ಪರೀಕ್ಷೆಯ ಸಾಲು ಬಿಟ್ರೆ ನಾನು ನಾಟಕದ ಒಂದು ಸಾಲೂ ಓದಲಿಲ್ಲ. ಓದೋ ಅಗತ್ಯವೇ ಬೀಳಲಿಲ್ಲ. ನಿಮಗೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇದು. ನಾನು ಶುರುಮಾಡಿದಾಗ ಸ್ನಾನಕ್ಕೆ ಹೋದ ನಿಮ್ಮ ಮಗಳು, ಮುಗಿಸಿದಾಗ ಇನ್ನೂ ತಲೆ ಒರೆಸಿಕೊಳ್ತಿದ್ದಳು.

ನೀವೀಗ ಆರಾಮಾಗಿ ನಿಮ್ಮ ಮಾತು ಬಾಯಿಪಾಠ ಮಾಡಿ. ಗಟ್ಟಿಯಾಗಿ.

ಬೀಗುತ್ತಿರುವ ಅಳಿಯ


ಜುಲೈ 6

ಅಳಿಯಂದಿರೇ,

ಕಟ್ಟು ಬಂತು. ಎಲ್ಲರಿಗೂ ಹಾಳೆ ಹಂಚಿದೆ. ನನ್ನ ಕೈಬರಹಕ್ಕಿಂತ ಚೆನ್ನಾಗಿದೆ ಅಂತ ಎಲ್ಲರೂ ನನ್ನ ಮುಂದೆಯೇ ಹೇಳಿದ್ರು, ಒಬ್ಬರಾದ್ರೂ ನಾಚಿಕೊಳ್ಳಲಿಲ್ಲ.

ಪೋಸ್ಟಿನವನ ಪಾತ್ರ ನಮ್ಮ ಕ್ಷೌರದಂಗಡಿಯವರದು. ಹೋದ ಸಲ ಇಷ್ಟುದ್ದ ಮಾತಿತ್ತು, ಈ ಸಲ ಬಂದವನೇ ‘ಒಳಗೆ ಬರಲಾ?’ ಅಂತಾನೆ, ಬಾಗಿಲು ತಟ್ಟೋದೂ ಇಲ್ಲ, ಇವನೇನು ಪೋಸ್ಟಿನವನೋ ಕಳ್ಳನೋ ಅಂತ ಗೊಣಗ್ತಿದ್ದಾರೆ. ಮೇಷ್ಟ್ರು ಪ್ರತಿ ತೆಗೆದು ನೋಡೋ ಗೋಜಿಗೆ ಹೋಗದೆ, ಬಾಗಿಲು ತಟ್ಟಿಸಿ ಸಮಾಧಾನ ಮಾಡಿದ್ರು.

ಬೆರಳಿಗೆ ವಿಶ್ರಾಂತಿ ಸಿಕ್ಕಿ ಊತ ಇಳಿದಿದೆ. ಅದಕ್ಕೆ ನಿಮ್ಮನ್ನು ಎಷ್ಟು ನೆನೆದರೂ ಕಡಿಮೆ. ಅಂಗಡಿಗೆ ಹೊಸ ಬಗೆಯ ಗುಂಡಿ ಬಂದಿದೆ, ಮಗಳ ನೀಲಿ ಕೋಟಿಗೆ ಒಪ್ಪುತ್ತೆ, ಇದರ ಜೊತೆ ಇಟ್ಟಿದ್ದೀನಿ.

ಬೇರೇನೂ ವಿಶೇಷವಿಲ್ಲ.

ಅತ್ತೆ


ಜುಲೈ 14

ಅತ್ತೆ,

ಗುಂಡಿ ಹೊಲಿದಾಯ್ತು, ಕೋಟು ಹೊಸದರ ಹಾಗೆ ಕಾಣ್ತಿದೆ. ಆದರೆ ನಿಮ್ಮ ಕಾಗದ ಓದಿ ನಿಮ್ಮ ಮಗಳು ಹಣೆ ಗಂಟಿಕ್ಕಿದಳು. ‘ಅಮ್ಮ ಗುಂಡಿಯ ಬಗ್ಗೆ ಬರೆದಿದ್ದಾಳೆ ಅಂದ್ರೆ ಏನೋ ಆಗಿದೆ’ ಅಂದಳು. ನಾನು, ಎಲ್ಲದರಲ್ಲೂ ಹುಳುಕು ಹುಡುಕಬೇಡ, ಅವರಿಗೆ ತಾಲೀಮಿನ ಗಡಿಬಿಡಿ ಅಂದೆ.

ನಿಮ್ಮ ಮಾತು ಹೇಗಿದೆ? ಅದನ್ನೇ ಬರೆದಿಲ್ಲವಲ್ಲ. ಉದ್ದ ಇದೆಯಾ? ಅಳು ಬರೋ ಹಾಗಿದೆಯಾ? ಒಂದೆರಡು ಸಾಲಾದ್ರೂ ಬರೆಯಿರಿ, ಇಲ್ಲಿ ಗೋಡೆಗೆ ಅಂಟಿಸ್ತೀವಿ.

ನನ್ನ ಹುಚ್ಚು ಇನ್ನೂ ಇಳಿದಿಲ್ಲ. ಪ್ರೆಸ್ಸಿನಲ್ಲಿ ದೊಡ್ಡ ವೇಳಾಪಟ್ಟಿಯ ಕೆಲಸ ಪೂರ್ತಿ ನನಗೇ ಒಪ್ಪಿಸಿದ್ದಾರೆ. ರಸ್ತೆಯಲ್ಲಿ ಹೋಗ್ತಾ ಅಂಗಡಿ ಬೋರ್ಡು ನೋಡಿದ್ರೂ ಇದಕ್ಕೆ ಯಾವ ಚಹರೆ ಬರೀಬಹುದು ಅಂತ ಯೋಚಿಸ್ತೀನಿ. ನಿಮ್ಮ ಮಗಳು ನನ್ನ ಜೊತೆ ಪೇಟೆಗೆ ಬರೋದು ಬಿಟ್ಟಿದ್ದಾಳೆ.

ಉತ್ತರಕ್ಕೆ ಕಾದಿರುವ ಅಳಿಯ


ಜುಲೈ 27

ಅಳಿಯಂದಿರೇ,

ಮಾತು ಇಲ್ಲ.

ಹೇಳೋದು ಬೇಡ ಅಂದುಕೊಂಡಿದ್ದೆ. ಮಗಳು ಹಣೆ ಗಂಟಿಕ್ಕಿದಳು ಅಂದ್ರಲ್ಲ, ಅದಕ್ಕೆ ಹೇಳ್ತಿದ್ದೀನಿ. ನನ್ನ ಹಾಳೆಯಲ್ಲಿ ಹಿಂದಿನವರ ತುಣುಕು ‘ಗಾಡಿ ಇವತ್ತು ಬರಲ್ಲ’ ಅಂತಿದೆ, ಕೆಳಗೆ ‘ಮುದುಕಿ’ ಅಂತಿದೆ, ಮುಂದೆ ಬಿಳಿ ಕಾಗದ. ಮೊದಲು ಇನ್ನೊಂದು ಹಾಳೆ ಇರಬಹುದು ಅಂತ ಕಟ್ಟನ್ನೆಲ್ಲ ಜಾಲಾಡಿದೆ. ಆಮೇಲೆ ಅರ್ಥವಾಯ್ತು. ಮೇಷ್ಟ್ರು ಕೊನೆಯ ಸಾಲಿನಲ್ಲಿ ಕಿವಿಗೆ ಕೈ ಹಿಡಿದು ನಿಂತಿದ್ದ ದಿನವೇ ನನ್ನ ಮಾತು ತೆಗೆದಿರಬೇಕು. ಕೇಳಿಸದ ದನಿಗೆ ಮಾತು ಯಾಕೆ ಕೊಡ್ತಾರೆ? ಮುಖಕ್ಕೆ ಹೊಡೆದ ಹಾಗೆ ಹೇಳದೆ ಹಾಳೆಯಲ್ಲಿ ಬಿಟ್ಟಿದ್ದಾರೆ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದಾರೆ.

ತಾಲೀಮಿನಲ್ಲಿ ಮೇಷ್ಟ್ರು ತೋರಿಸಿದ ಹಾಗೆ ಒಳಗೆ ಬಂದೆ, ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತು ಎಲ್ಲರ ಮುಖ ನೋಡಿದೆ, ಎದ್ದು ಹೋದೆ. ಆಮೇಲೆ ಸ್ಟೇಷನ್ ಮಾಸ್ಟರ್ ಮಾತಾಡಿದ್ರು. ಅವರ ಹಾಳೆಯಲ್ಲೂ ನನ್ನ ತುಣುಕು ಖಾಲಿಯೇ. ಮೇಷ್ಟ್ರು ನನ್ನ ಮುಖ ನೋಡಿ, ‘ಹೀಗೇ ಇರಲಿ’ ಅಂದ್ರು. ನಾನು ತಲೆಯಾಡಿಸಿದೆ.

ನೋವಾಯ್ತು. ನಿಮ್ಮ ಹತ್ತಿರ ಮುಚ್ಚಿಡೋದೇನು, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಪಾತ್ರವೇ ಕೊಡದಿದ್ರೆ ಇಷ್ಟು ಆಗ್ತಿರಲಿಲ್ಲ. ಆಸೆ ಹಚ್ಚಿ ಕಿತ್ತುಕೊಂಡ ಹಾಗಾಯ್ತು.

ಪ್ರದರ್ಶನ ಆಗಸ್ಟ್ ಒಂಬತ್ತರ ಸಂಜೆ. ಮಗಳು ಬರದಿದ್ರೂ ನಡೆಯುತ್ತೆ ಅಂತ ಹೇಳಿ. ಕುರ್ಚಿಯಲ್ಲಿ ಕೂತು ಎದ್ದು ಹೋಗೋದು ನೋಡೋಕೆ ಅಷ್ಟು ದೂರದಿಂದ ಯಾಕೆ ಬರಬೇಕು.

ಅತ್ತೆ


ಆಗಸ್ಟ್ 5

ಅತ್ತೆ,

ಈ ಕಾಗದ ಅಂಚೆಗೆ ಹಾಕ್ತಿಲ್ಲ. ನಿಮ್ಮ ಮಗಳೇ ತರ್ತಿದ್ದಾಳೆ, ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತು ಬೇಗ ಬೇಗ ಅಂತಿದ್ದಾಳೆ.

ನಿಮ್ಮ ಮಾತನ್ನು ಮೇಷ್ಟ್ರು ತೆಗೆದಿಲ್ಲ. ತೆಗೆದವನು ನಾನು. ಗೊತ್ತಿಲ್ಲದೆ ತೆಗೆದೆ. ಆದರೆ ತೆಗೆದದ್ದು ನಾನೇ.

ಇವತ್ತು ಬೆಳಿಗ್ಗೆ ಮಾಲೀಕರು ವೇಳಾಪಟ್ಟಿಯ ಪ್ರೂಫ್ ಹಿಡಿದು ಕರೆದ್ರು. ‘ಏನಪ್ಪಾ, ಈ ಬಸ್ಸು ಹೊರಟಿದ್ದೇ ತಡ ಸೀದಾ ಕೊನೆಯ ನಿಲ್ದಾಣದಲ್ಲಿದೆ. ನಡುವಿನ ಊರಿನವರು ಏನು ರೆಕ್ಕೆ ಕಟ್ಟಿಕೊಂಡು ಹೋಗಬೇಕಾ?’ ಅಂದ್ರು. ಊರುಗಳ ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ ‘ಊಟಕ್ಕೆ ನಿಲುಗಡೆ’, ‘ಕೇಳಿದರೆ ಮಾತ್ರ’ ಅಂತೆಲ್ಲ ಇರುತ್ತೆ. ಅದನ್ನು ತೆಗೆಯೋಕೆ ನಾಟಕಕ್ಕೆ ಹಾಕಿದ್ದನ್ನೇ ಹಾಕಿದ್ದೆ. ಕೂತು ನೋಡಿದಾಗ ತಿಳೀತು. ಆ ನಕ್ಷತ್ರ ಶುದ್ಧ ಹೊಟ್ಟೆಬಾಕ. ಒಂದು ಬ್ರಾಕೆಟ್ ತೆರೆದದ್ದೇ ತಡ, ಅದು ಮುಚ್ಚೋ ಜಾಗದಲ್ಲಿ ನಿಲ್ಲಲ್ಲ. ಆ ಸಾಲಿನಲ್ಲಿ ಕಟ್ಟಕಡೆಗೆ ಮುಚ್ಚೋ ಬ್ರಾಕೆಟ್ ಎಲ್ಲಿದೆಯೋ ಅಲ್ಲೀವರೆಗೆ ಬಾಚಿ ನುಂಗುತ್ತೆ. ಸಾಲಿಗೆ ಒಂದೇ ಬ್ರಾಕೆಟ್ ಇದ್ರೆ ತೊಂದರೆಯಿಲ್ಲ. ನಾನು ಪರೀಕ್ಷೆ ಮಾಡಿದ್ದು ಅಂಥ ಸಾಲುಗಳನ್ನೇ.

ಆಗ ನಿಮ್ಮ ಕ್ಷೌರದಂಗಡಿಯವರು ನೆನಪಾದ್ರು. ಮನೆಗೆ ಓಡಿ ಬಂದು ನಾಟಕ ತೆಗೆದೆ. ‘(ಬಾಗಿಲು ತಟ್ಟಿ) ಯಾರಿದ್ದೀರಿ? ಒಂದು ಪಾರ್ಸಲ್ ಇತ್ತು. (ಮತ್ತೆ ತಟ್ಟಿ) ಒಳಗೆ ಬರಲಾ?’ ಪಾರ್ಸಲ್ಲೂ ಹೋಗಿತ್ತು, ಯಾರಿದ್ದೀರಿಯೂ ಹೋಗಿತ್ತು. ಕೊನೆಯ ಅಂಕಕ್ಕೆ ಬಂದೆ. ಮೇಷ್ಟ್ರು ನಿಮ್ಮ ಮಾತನ್ನು ಎಲ್ಲೂ ಸಾಲು ಮುರಿಯದೆ ಒಂದೇ ಉಸಿರಿಗೆ ಬರೆದಿದ್ದಾರೆ. ಶುರುವಿಗೆ ‘(ಕುರ್ಚಿಯಲ್ಲಿ ಕೂತು)’. ಕೊನೆಗೆ ‘(ಎದ್ದು ಹೊರಡುತ್ತಾಳೆ)’. ನಡುವೆ ಇದ್ದದ್ದಷ್ಟನ್ನೂ ನನ್ನ ನಕ್ಷತ್ರ ತಿಂದುಹಾಕಿದೆ.

ಅತ್ತೆ, ಈಗ ನಾಟಕ ಓದಿದೆ. ಪೂರ್ತಿ. ಓದಲೇ ಇಲ್ಲ ಅಂತ ಬೀಗಿದ್ದೆನಲ್ಲ, ಆ ಕಾಗದ ನಿಮ್ಮ ಹತ್ತಿರ ಇದ್ರೆ ಒಲೆಗೆ ಹಾಕಿ. ಇಡೀ ನಾಟಕದಲ್ಲಿ ಎಲ್ಲರೂ ಯಾರ್‍ಯಾರಿಗೋ ಕಾಯ್ತಾ ಇರ್ತಾರೆ. ಮುದುಕಿ ಬಂದು ಹೇಳ್ತಾಳೆ: ‘ನಾನು ಯಾರಿಗೂ ಕಾಯ್ತಿಲ್ಲಪ್ಪ. ನನಗಾಗಿ ಯಾರಾದ್ರೂ ಕಾಯ್ತಿದ್ದಾರಾ ಅಂತ ನೋಡ್ಕೊಂಡು ಹೋಗೋಕೆ ಬಂದೆ.’ ಅಲ್ಲಿಂದ ಮುಂದಕ್ಕೆ ಒಂದು ಪುಟ. ನಾನು ಓದ್ತಾ ಇದ್ದೆ, ನಿಮ್ಮ ಮಗಳು ಕೇಳ್ತಾ ಕೇಳ್ತಾ ಗೋಡೆಗೆ ಒರಗಿ ಕೂತುಬಿಟ್ಟಳು. ಇದು ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಬರೆದದ್ದಲ್ಲ. ಮೇಷ್ಟ್ರು ಇಷ್ಟು ವರ್ಷ ನಿಮ್ಮನ್ನು ನೋಡಿ ಬರೆದಿದ್ದಾರೆ.

ಇದರ ಜೊತೆ ಆ ಪುಟ ಇದೆ. ಕಂಪ್ಯೂಟರ್ ಮುಟ್ಟಲಿಲ್ಲ. ಒಂದೊಂದು ಅಕ್ಷರವನ್ನೂ ಕೈಯಲ್ಲೇ ಬರೆದೆ, ಬೆರಳು ನೋಯೋದು ಅಂದ್ರೇನು ಅಂತ ಗೊತ್ತಾಯ್ತು.

ತಪ್ಪು ಸರಿಯಾಗೋಕೆ ಎಷ್ಟು ಬೇಕಿತ್ತು ಗೊತ್ತಾ? ನಕ್ಷತ್ರದ ಪಕ್ಕ ಒಂದು ಪ್ರಶ್ನೆ ಗುರುತು: \(.*?\). ಅದಿದ್ರೆ ನಕ್ಷತ್ರ ಒಂದೊಂದೇ ಅಕ್ಷರಕ್ಕೆ ನಿಂತು ‘ಇಷ್ಟು ಸಾಕಾ?’ ಅಂತ ಕೇಳ್ಕೊಂಡು ಹೋಗುತ್ತೆ.

ಮೇಷ್ಟ್ರ ಹತ್ತಿರ ಹೋಗಿ ಅತ್ತೆ. ಅವರಿಗೂ ಗೊತ್ತಿಲ್ಲ ಅನ್ಸುತ್ತೆ. ಬೈಯೋದಿದ್ರೆ ನನ್ನನ್ನು ಬೈಯಲಿ. ನಾನೇ ಬರ್ತಿದ್ದೆ, ವೇಳಾಪಟ್ಟಿ ಪೂರ್ತಿ ತಿದ್ದಿ ಮುಗಿಸೋವರೆಗೆ ಪ್ರೆಸ್ ಬಿಟ್ಟು ಅಲ್ಲಾಡಕೂಡದು ಅಂದಿದ್ದಾರೆ.

ಮುಖ ತೋರಿಸಲಾರದ
ಅಳಿಯ


ಆಗಸ್ಟ್ 6

ಓದಿದೆ. ಮಗಳು ಕಾಫಿ ಮಾಡ್ತಿದ್ದಾಳೆ, ಕುಡಿಯೋಕೆ ಸಮಯವಿಲ್ಲ. ಮೇಷ್ಟ್ರ ಮನೆಗೆ ಹೊರಟೆ.

ಅತ್ತೆ


ಆಗಸ್ಟ್ 11

ಅಳಿಯಂದಿರೇ,

ಮಗಳು ಎಲ್ಲ ಹೇಳಿರ್ತಾಳೆ. ಆದರೆ ಅವಳು ಕೂತಿದ್ದು ಎದುರಿಗೆ, ನಾನಿದ್ದದ್ದು ಮೇಲೆ. ಅದಕ್ಕೆ ನಾನೂ ಹೇಳ್ತೀನಿ.

ಮೇಷ್ಟ್ರು ಬಾಗಿಲು ತೆಗೆದ ಕೂಡಲೇ ನಿಮ್ಮ ಪುಟ ಮುಂದಿಟ್ಟು, ‘ಇದು ನನ್ನದಾ?’ ಅಂತ ಕೇಳಿದೆ. ಅವರು ಪುಟ ನೋಡಿದ್ರು, ನನ್ನನ್ನು ನೋಡಿದ್ರು. ‘ನಿಮ್ಮದಲ್ಲದೆ? ನಿಮಗೆ ದನಿ ಬರ್ತಿಲ್ಲ, ಹೆದರಿ ಬಿಟ್ಟುಬಿಟ್ರಿ ಅಂದುಕೊಂಡೆ. ಎಲ್ಲರ ಮುಂದೆ ಕೇಳಿ ನಿಮ್ಮ ಮನಸ್ಸು ನೋಯಿಸೋದು ಬೇಡ ಅಂತ ಸುಮ್ಮನಾದೆ’ ಅಂದ್ರು. ಅವರು ನನ್ನ ಮರ್ಯಾದೆ ಕಾಯ್ತಿದ್ರು, ನಾನು ಅವರದು ಕಾಯ್ತಿದ್ದೆ. ಇಬ್ಬರೂ ಸೇರಿ ಆ ಮಾತನ್ನು ಹೂತೇಬಿಡ್ತಿದ್ದೆವು. ಆಮೇಲೆ ಇಬ್ಬರಿಗೂ ನಗು ಬಂತು. ಅವರು ನಕ್ಕೂ ನಕ್ಕೂ ಕನ್ನಡಕ ತೆಗೆದು ಒರೆಸಿಕೊಂಡ್ರು.

‘ಈಗ ಹೇಳ್ತೀರಾ?’ ಅಂದ್ರು. ‘ಕೇಳಿಸದಿದ್ರೆ?’ ಅಂದೆ. ‘ಕೇಳಿಸಿಕೊಳ್ಳೋದು ಅವರ ಕೆಲಸ’ ಅಂದ್ರು. ಲೈಟಿನವನ ಹೆಂಡತಿಯ ಪ್ರತಿಯಲ್ಲಿ ಆ ಪುಟ ಬಿಟ್ಟು ಮುಂದೆ ಹೋಗಲಿ ಅಂತ ಪಿನ್ನು ಹೊಡೆದು ಮುಚ್ಚಿದ್ರು, ಅವತ್ತೇ ಹೋಗಿ ಪಿನ್ನು ಕಿತ್ತು ಬಂದ್ರು.

ಒಂಬತ್ತರ ಸಂಜೆ. ಕೂತೆ. ಮೊದಲ ಸಾಲು ಹೇಳಿದೆ, ಎರಡನೆಯದು ಹೇಳಿದೆ. ಎದುರಿಗೆ ಕತ್ತಲು, ಬೆನ್ನೆಲ್ಲ ಬೆವರು. ಅರ್ಧ ಪುಟ ದಾಟಿದ ಮೇಲೆ ತಲೆಯೊಳಗೆ ನಿಮ್ಮ ಬಿಳಿ ಹಾಳೆ ಬಂದು ಕೂತಿತು. ಒಂದು ಪದವೂ ಇಲ್ಲ. ಪರದೆಯ ಕಡೆ ಓರೆಗಣ್ಣಿನಲ್ಲಿ ನೋಡಿದೆ. ಆ ಮಹಾತಾಯಿ ಪುಸ್ತಕ ಮಡಿಲಲ್ಲಿ ಮಗುಚಿಟ್ಟು, ಕೆನ್ನೆಗೆ ಕೈಕೊಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡ್ತಿದ್ದಾಳೆ. ಎತ್ತಿಕೊಡಬೇಕಾದವಳು ಅವಳು ಅನ್ನೋದೇ ಅವಳಿಗೆ ಮರೆತುಹೋಗಿದೆ.

ಆಗ ನಾನು ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದೆ. ರಂಗದ ಮೇಲೆ ಯಾರೋ ಒಬ್ಬಳು ಮಾತು ಮರೆತು ಕೂತಿದ್ದಾಳೆ ಅಂದುಕೊಂಡೆ. ಕಣ್ಣು ಮುಚ್ಚಿಕೊಂಡು, ನನಗೆ ನಾನೇ, ಮುಂದಿನ ಸಾಲು ಪಿಸುಗುಟ್ಟಿದೆ. ಅದರ ಹಿಂದೆಯೇ ಅದರ ಮುಂದಿನದು ಬಂತು. ಗಟ್ಟಿಯಾಗಿ ಹೇಳಬೇಕು ಅನ್ನೋದು ನೆನಪೇ ಆಗಲಿಲ್ಲ. ಉಳಿದ ಅರ್ಧ ಪುಟ ಪೂರ್ತಿ ಪಿಸುಮಾತಿನಲ್ಲೇ ಹೋಯ್ತು. ಎದ್ದೆ, ಹೊರಟೆ. ಒಳಗೆ ಬಂದು ಮೇಷ್ಟ್ರಿಗೆ, ‘ಕೆಡಿಸಿಬಿಟ್ಟೆ, ಯಾರಿಗೂ ಕೇಳಿಸಿರಲ್ಲ’ ಅಂದೆ. ಅವರು ಸಭಾಂಗಣದ ಕಡೆ ಕೈ ತೋರಿಸಿದ್ರು. ಒಂದು ಕೆಮ್ಮಿಲ್ಲ, ಒಂದು ಕುರ್ಚಿಯ ಸದ್ದಿಲ್ಲ. ಸ್ಟೇಷನ್ ಮಾಸ್ಟರ್ ತಮ್ಮ ಮಾತು ಶುರುಮಾಡೋಕೆ ಹಿಂದೆಮುಂದೆ ನೋಡ್ತಾ ನಿಂತಿದ್ದಾರೆ. ಕ್ಷೌರದಂಗಡಿಯವರು ಅಷ್ಟೊತ್ತಿಗೆ ವೇಷ ಕಳಚಿ ಕೊನೆಯ ಸಾಲಿನಲ್ಲಿ ಹೋಗಿ ಕೂತಿದ್ರಂತೆ. ಆಮೇಲೆ ಬಂದು, ಒಂದು ಪದವೂ ತಪ್ಪಲಿಲ್ಲಮ್ಮ, ಎಲ್ಲರೂ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿ ಕೇಳ್ತಿದ್ರು ಅಂದ್ರು.

ಎಷ್ಟು ಖುಷಿಯಾಗಿದೆ ಅಂತ ಹೇಳೋಕೆ ಬರ್ತಿಲ್ಲ. ನಿನ್ನೆ ಅಂಗಡಿಯಲ್ಲಿ ಇಡೀ ದಿನ ತಪ್ಪು ಚಿಲ್ಲರೆ ಕೊಟ್ಟೆ.

ನಿಮ್ಮ ಮೇಲೆ ಕೋಪ ಇದೆಯಾ ಅಂತ ಮಗಳ ಹತ್ತಿರ ಕೇಳಿಸಿದ್ರಂತೆ. ಇತ್ತು, ಒಂದು ನಿಮಿಷ. ನೀವು ಕೈಯಲ್ಲಿ ಬರೆದ ಪುಟ ನೋಡೋವರೆಗೆ. ಎಂಥ ಕೆಟ್ಟ ಅಕ್ಷರ ನಿಮ್ಮದು. ಅದನ್ನು ಕಟ್ಟು ಹಾಕಿಸೋಕೆ ಕೊಟ್ಟಿದ್ದೀನಿ.

ಭಾನುವಾರ ಬೆಳಿಗ್ಗೆ ನಿಮಗೆ ಫೋನ್ ಮಾಡ್ತೀನಿ. ಮಗಳಿಗೆ ಕೊಡಬೇಡಿ, ನಿಮ್ಮ ಹತ್ತಿರವೇ ಮಾತಾಡಬೇಕು. ಕೇಳದಿದ್ರೆ ಕೇಳ್ತಿಲ್ಲ ಅನ್ನಿ. ಇನ್ನೊಂದು ಸಲ ಹೇಳ್ತೀನಿ.

ಪರದೆಯ ಈಚೆಯಿಂದ
ಅತ್ತೆ